ತಿಮಿಂಗಿಲದ ಎಣ್ಣೆ ಸೋಪು ಹುಡುಕಬೇಡಿ, ಹೊಂಗೆ ಸೋಪು ಸಾಕು

ಮೇಡಂ, ನಿಮ್ಮ ತಾತನ ಹಳೇ ತೋಟಗಾರಿಕೆ ಪುಸ್ತಕದಲ್ಲಿ ಹಿಟ್ಟು ತಿಗಣೆಗೆ (ಬಿಳಿ ಹಿಟ್ಟಿನ ಹಾಗೆ ಗಿಡಕ್ಕೆ ಅಂಟಿ ರಸ ಹೀರುವ ಕೀಟ) ‘ತಿಮಿಂಗಿಲದ ಎಣ್ಣೆ ಸೋಪು’ ಹೊಡೀರಿ ಅಂತಿದೆ, ದಾಸವಾಳಕ್ಕೆ ಬೇಕು, ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಎಲ್ಲೂ ಸಿಗಲ್ಲ. ಯಾರಾದರೂ ಕೊಡ್ತೀನಿ ಅಂದರೂ ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ. ವಾಣಿಜ್ಯ ಬೇಟೆಗೂ 1986ರಿಂದ ಅಂತರರಾಷ್ಟ್ರೀಯ ತಡೆ ಇದೆ.

ಪುಸ್ತಕ ಹೇಳಿದ್ದು ಸುಳ್ಳಲ್ಲ. ಅಮೆರಿಕದ ಹಣ್ಣಿನ ತೋಟಗಳಲ್ಲಿ 1890ರ ದಶಕದಲ್ಲಿ ಶಲ್ಕ ಕೀಟಕ್ಕೆ (ಕಾಂಡಕ್ಕೆ ಅಂಟಿ ರಸ ಹೀರುವ ಚಿಪ್ಪಿನಂಥ ಹುಳು) ಇದನ್ನೇ ಹೊಡೆಯುತ್ತಿದ್ದರು. ಎಣ್ಣೆ ಬರುತ್ತಿದ್ದದ್ದು ತಿಮಿಂಗಿಲದ ಚರ್ಮದಡಿಯ ಕೊಬ್ಬಿನ ಪದರದಿಂದ. ಅದು ನಮ್ಮ ಹೊಟ್ಟೆಯ ಬೊಜ್ಜಿನ ಹಾಗೆ ಜೋಲಾಡಲ್ಲ. ಕೊಲಾಜೆನ್ ನಾರು ಹೆಣೆದುಕೊಂಡು, ಮಧ್ಯೆ ರಕ್ತನಾಳ ಹಾಯ್ದಿರುವ ಬಿಗಿಯಾದ ಪದರ. ಆರ್ಕ್‌ಟಿಕ್‌ನ ಬೋಹೆಡ್ ತಿಮಿಂಗಿಲದಲ್ಲಿ ದಪ್ಪ ಅರ್ಧ ಮೀಟರ್ ಹತ್ತಿರ ಹೋಗುತ್ತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತೆ, ಅದಕ್ಕೇ ಅಷ್ಟು ದಪ್ಪ. ಆಹಾರ ಸಿಗದ ತಿಂಗಳುಗಳಲ್ಲಿ ಕರಗಿಸಿಕೊಂಡು ಬದುಕುವ ಕಣಜವೂ ಅದೇ. ವಿಚಿತ್ರ ಅಂದರೆ ಕಡಲ ನೀರುನಾಯಿಗೆ ಈ ಪದರವೇ ಇಲ್ಲ, ಒತ್ತಾದ ತುಪ್ಪಳದಲ್ಲೇ ಚಳಿ ತಡೆಯುತ್ತೆ.

ಬೇಟೆ ಹಡಗುಗಳಲ್ಲಿ ಈ ಕೊಬ್ಬನ್ನು ಪಟ್ಟಿಪಟ್ಟಿಯಾಗಿ ಸುಲಿದು, ಡೆಕ್ ಮೇಲೇ ಒಲೆ ಕಟ್ಟಿ ದೊಡ್ಡ ಕಬ್ಬಿಣದ ಕಡಾಯಿಯಲ್ಲಿ ಕಾಯಿಸುತ್ತಿದ್ದರು. ಎಣ್ಣೆ ಇಳಿದ ಮೇಲೆ ಉಳಿದ ಗಸಿಯೇ ಅದೇ ಒಲೆಗೆ ಉರುವಲು. ದೀಪ, ಯಂತ್ರ, ಸೋಪು, ಆಮೇಲೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿ ಮಾರ್ಗರಿನ್ ಎಂಬ ಕೃತಕ ಬೆಣ್ಣೆವರೆಗೂ ಹೋಯ್ತು. ಆರ್ಕ್‌ಟಿಕ್‌ನ ಇನುಯಿಟ್ ಜನ ಈ ಕೊಬ್ಬನ್ನು ಚರ್ಮದ ಸಮೇತ ಈಗಲೂ ತಿನ್ನುತ್ತಾರೆ, ಮುಕ್ತುಕ್ ಅಂತ. ತರಕಾರಿ ಬೆಳೆಯದ ಊರಲ್ಲಿ ಅದರಿಂದಲೂ ವಿಟಮಿನ್ ಸಿ ಸಿಗುತ್ತೆ. ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕದಂಥ ವಿಷ ಕೊಬ್ಬಿನಲ್ಲೇ ಶೇಖರವಾಗೋದು ಈಗಿನ ತಲೆನೋವು.

ಇನ್ನು ನಿಮ್ಮ ದಾಸವಾಳಕ್ಕೆ ಬರ್ತೀನಿ. ತಿಗಣೆ ಸಾಯ್ತಿದ್ದದ್ದು ಸೋಪಿನಿಂದ, ಅದರಲ್ಲಿ ತಿಮಿಂಗಿಲದ ಮಹಿಮೆ ಏನಿಲ್ಲ. ಯಾವ ಎಣ್ಣೆಗೆ ಕ್ಷಾರ ಹಾಕಿದರೂ ಸೋಪೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು (ಐಐಎಚ್‌ಆರ್) ಬೇವಿನ ಸೋಪು, ಹೊಂಗೆ ಸೋಪು ಎರಡನ್ನೂ ಮಾಡಿದ್ದಾರೆ. ಲೀಟರಿಗೆ 5ರಿಂದ 10 ಗ್ರಾಂ ಸಾಕು. ಮೊದಲು ಸ್ವಲ್ಪ ಬಿಸಿನೀರಲ್ಲಿ ಕರಗಿಸಿ, ಆಮೇಲೆ ಉಳಿದ ನೀರು ಸೇರಿಸಿ. ಬೋರ್‌ವೆಲ್ ನೀರು ಮಾತ್ರ ಬೇಡ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಬಿಳಿ ಚೂರಾಗಿ ತೇಲುತ್ತೆ, ಸ್ಪ್ರೇಯರ್ ಮೂತಿ ಕಟ್ಟಿಕೊಳ್ಳುತ್ತೆ, ತಿಗಣೆ ಆರಾಮಾಗಿರುತ್ತೆ. ಕಾವೇರಿ ನೀರು ಅಥವಾ ಮಳೆನೀರು ಬಳಸಿ.

ಮೊದಲು ಒಂದು ರೆಂಬೆಗೆ ಹೊಡೆದು ಎರಡು ದಿನ ನೋಡಿ, ಎಲೆ ಸುಡದಿದ್ದರೆ ಇಡೀ ಗಿಡಕ್ಕೆ ಹೊಡೀರಿ. ಸಂಜೆ ಹೊತ್ತು, ಎಲೆ ಮಗುಚಿ ಅಡಿಗೂ, ಗೆಣ್ಣಿನ ಸಂದಿಗೂ ತೊಯ್ಯಬೇಕು. ವಾರ ಬಿಟ್ಟು ಇನ್ನೊಂದು ಸಲ. ಕಾಂಡದ ಮೇಲೆ ಇರುವೆ ಸಾಲು ಇದ್ದರೆ ಮೊದಲು ಅದನ್ನು ತಪ್ಪಿಸಿ, ತಿಗಣೆಯನ್ನು ಕಾಯೋದೇ ಅವು.