ಸಿಸ್ಟರ್ ಕೆಲಸದ ನಂತರ ಎಣ್ಣೆ ಬಟ್ಟಲು ಹಿಡಿಯಲೇ?

ಪ್ರಶ್ನೆ: ನನಗೆ 53 ವರ್ಷ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 29 ವರ್ಷ ನರ್ಸ್ ಆಗಿದ್ದೆ, ಕೊನೆಯ ಹತ್ತು ವರ್ಷ ಐಸಿಯುವಿನಲ್ಲಿ. ಸೊಂಟನೋವು, ನೈಟ್ ಡ್ಯೂಟಿ ಸಾಕಾಗಿ ಕೆಲಸ ಬಿಟ್ಟೆ. ಈಗ ರಿಫ್ಲೆಕ್ಸಾಲಜಿ (ಪಾದದ ನಿರ್ದಿಷ್ಟ ಜಾಗಗಳನ್ನು ಒತ್ತುವ ಚಿಕಿತ್ಸೆ), ಸುಗಂಧ ತೈಲದ ಮಸಾಜ್ ಕಲಿತು ರೋಗಿಗಳಿಗೆ ನೆರವಾಗುವ ಆಸೆ. ಎರಡು ದಿನದ ತರಬೇತಿಗೆ 25,000 ರೂಪಾಯಿ ಕೇಳುತ್ತಿದ್ದಾರೆ. ಕೈಯಿಂದ ಶಕ್ತಿ ಹರಿಸುವ ಚಿಕಿತ್ಸೆಯನ್ನೂ ಕಲಿಸುತ್ತಾರಂತೆ. ಮಗ ಮಾತ್ರ, ‘ಸಿಸ್ಟರ್ ಎನ್ನಿಸಿಕೊಂಡವಳು ಮಸಾಜ್ ಮಾಡುವವಳು ಎನ್ನಿಸಿಕೊಳ್ಳಬೇಕೇ ಅಮ್ಮಾ?’ ಎನ್ನುತ್ತಾನೆ. ಏನು ಮಾಡಲಿ?
– ಹೆಸರು ಬೇಡ, ರಾಜಾಜಿನಗರ

ಉತ್ತರ: ಸಹೋದರಿ, ಮೊದಲು ನಿಮ್ಮ ಮಗನ ಮಾತು. ಒಂಬತ್ತು ವರ್ಷದ ಹಿಂದೆ ನಾನು ವಾರ್ಡ್ ಬಿಟ್ಟಾಗ ನನ್ನ ತಮ್ಮನೂ ಇದನ್ನೇ ಕೇಳಿದ್ದ; ಎರಡು ದಿನ ನನಗೆ ಊಟ ಸೇರಿರಲಿಲ್ಲ. ನಿಮ್ಮ ಬಾಣಂತನದಲ್ಲಿ ಮಗುವಿಗೆ ಎಣ್ಣೆ ತಿಕ್ಕಿ ನೀರೆರೆಯಲು ಒಬ್ಬ ಹೆಂಗಸು ಬರುತ್ತಿದ್ದಿರಬೇಕು. ಹಸುಗೂಸನ್ನು ನಂಬಿ ಅವಳ ಕಾಲಮೇಲೆ ಮಲಗಿಸಲಿಲ್ಲವೇ? ಅದೇ ಕೈಗಳ ಕೆಲಸ ಇದು. ಮಗನಿಗೆ ಅದನ್ನು ನೆನಪಿಸಿ.

ಇನ್ನು ತರಬೇತಿ. ಎರಡು ದಿನದಲ್ಲಿ ಕೈ ಪಳಗುವುದಿಲ್ಲ, ಆ ಹಣ ಕೊಡಬೇಡಿ. ನಾನು ಹೀಗೆಯೇ 18,000 ರೂಪಾಯಿ ಕಳೆದುಕೊಂಡೆ. ಎರಡನೆಯ ದಿನ ಅಲ್ಲಿನ ಬೋಧಕರು ಸಕ್ಕರೆ ಕಾಯಿಲೆಯ ಒಬ್ಬಾಕೆಗೆ, ಪಾದದ ಒಂದು ಜಾಗ ತೋರಿಸಿ, ಇಲ್ಲಿ ದಿನಾ ಒತ್ತಿಕೊಂಡರೆ ಮಾತ್ರೆ ನಿಲ್ಲಿಸಬಹುದು ಎಂದರು. ನಾನು ಎದ್ದು ನಿಂತು ಆಕ್ಷೇಪಿಸಿ, ಹೊರಗೆ ಬಂದೆ. ಹಣ ಹಿಂದಿರುಗಲಿಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯೇ ನಿಷೇಧಿಸಿದೆ. ನಾಳೆ ನಿಮ್ಮ ಬೋರ್ಡಿನ ಮೇಲೂ ಅಂಥ ಮಾತು ಬರಕೂಡದು. ಪಾದದ ಇಂಥ ಜಾಗ ಒತ್ತಿದರೆ ಇಂಥ ಅಂಗ ಸರಿಹೋಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ದಣಿದ ಪಾದವನ್ನು ನಿಧಾನವಾಗಿ ಒತ್ತಿದರೆ ಹಾಯೆನಿಸುತ್ತದೆ, ಕೆಲವರಿಗೆ ನಿದ್ದೆಯೂ ಬರುತ್ತದೆ. ಅಷ್ಟನ್ನೇ ಹೇಳಿ. ಅಷ್ಟು ಸಿಗದೆ ನರಳುವವರೇ ಬಹಳ ಮಂದಿ.

ಶಕ್ತಿ ಹರಿಸುವ ಚಿಕಿತ್ಸೆಯ ಬಗ್ಗೆ ನರ್ಸ್ ಆಗಿಯೇ ಹೇಳುತ್ತೇನೆ. ರೋಗಿಯ ಮೇಲೆ ಕೈಯಾಡಿಸಿ ಶಕ್ತಿವಲಯವನ್ನು ಸರಿಪಡಿಸುವ ‘ಥೆರಪ್ಯೂಟಿಕ್ ಟಚ್’ ಪದ್ಧತಿಯನ್ನು 1970ರ ದಶಕದಲ್ಲಿ ಬೆಳೆಸಿದವರಲ್ಲಿ ಪ್ರಮುಖರು ನ್ಯೂಯಾರ್ಕ್‌ನ ನರ್ಸಿಂಗ್ ಪ್ರಾಧ್ಯಾಪಕಿ ಡೊಲೊರೆಸ್ ಕ್ರೀಗರ್. ಎಮಿಲಿ ರೋಸಾ ಎಂಬ ಬಾಲಕಿ ಒಂಬತ್ತರ ವಯಸ್ಸಿನಲ್ಲೇ ಅದನ್ನು ಪರೀಕ್ಷಿಸಿದಳು. ಅಡ್ಡಲಾಗಿಟ್ಟ ಹಲಗೆಯ ತೂತುಗಳಲ್ಲಿ 21 ಮಂದಿ ಚಿಕಿತ್ಸಕರು ಎರಡೂ ಕೈ ಚಾಚಬೇಕು, ಅವಳ ಅಂಗೈ ಅವರ ಯಾವ ಕೈಯ ಬಳಿ ಇದೆ ಎಂದು ಹೇಳಬೇಕು. 280 ಸಲ ಕೇಳಿದ್ದಕ್ಕೆ ಸರಿಯುತ್ತರ ಬಂದದ್ದು ಶೇ 44. ಕಣ್ಣುಮುಚ್ಚಿ ಊಹಿಸಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲೇ ಇದು ಪ್ರಕಟವಾಯಿತು. ನಮ್ಮ ವೃತ್ತಿಯಿಂದಲೇ ಹುಟ್ಟಿದ್ದು ಎಂಬ ಮಮತೆಯಿಂದಷ್ಟೇ ಆ ಪದ್ಧತಿಯನ್ನು ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಹಾಗಾದರೆ ಏನು ಕಲಿಯಬೇಕು? ಯೋಗದತ್ತ ಒಲವಿದ್ದರೆ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿರುವ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಆಯುಷ್ ಸಚಿವಾಲಯದಡಿ ಯೋಗ ಪ್ರಮಾಣೀಕರಣ ಮಂಡಳಿಯೂ ಇದೆ, ಅದರ ಪರೀಕ್ಷೆ ಬರೆಯಬಹುದು. ಮಸಾಜ್ ಕಲಿಯುವುದಾದರೆ ತಿಂಗಳುಗಟ್ಟಲೆ ಎದುರಿಗೆ ಕೂರಿಸಿಕೊಂಡು ತಿದ್ದುವ ಗುರುವನ್ನೇ ಹುಡುಕಿ. ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನು ಮಾತ್ರ ತಪ್ಪದೆ ನವೀಕರಿಸಿಕೊಳ್ಳಿ.

ಮರೆಯಬೇಕಾದದ್ದೂ ಇದೆ. ಮೊದಲ ತಿಂಗಳು ನಾನು ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಾಗ ನನ್ನ ಗುರುಗಳು ನನ್ನ ಕೈಮೇಲೆ ಕೈಯಿಟ್ಟು, ‘ನೀವು ಡ್ರೆಸ್ಸಿಂಗ್ ಮಾಡುತ್ತಿದ್ದೀರಿ’ ಎಂದರು. ನಿಜವಾಗಿತ್ತು. ಪಕ್ಕದ ಬೆಡ್‌ನವರು ಕಾಯುತ್ತಿದ್ದಾರೆಂಬ ಆತುರ ನನ್ನ ಬೆರಳಿನಲ್ಲೇ ಕೂತಿತ್ತು. ಅದು ಇಳಿಯಲು ಆರು ತಿಂಗಳು ಹಿಡಿಯಿತು. ನರ್ಸಿಂಗ್ ಶಾಲೆಯಲ್ಲಿ ಬೆಡ್‌ಸೋರ್ (ಮಲಗಿದಲ್ಲೇ ಇರುವವರಿಗೆ ಆಗುವ ಹುಣ್ಣು) ಬಾರದಿರಲೆಂದು ಸ್ಪಿರಿಟ್, ಪೌಡರ್ ಹಾಕಿ ಬೆನ್ನು ಉಜ್ಜಲು ನಮಗೆ ಕಲಿಸಿದ್ದರಲ್ಲ, ಮೂಳೆಯ ಮೇಲೆ ಕೆಂಪಾದ ಚರ್ಮವನ್ನು ಈಗ ಉಜ್ಜುವುದಿಲ್ಲ, ಅದರಿಂದ ಹಾನಿಯೇ ಹೆಚ್ಚು.

ಮರೆಯಬಾರದ್ದು ನಿಮ್ಮ ಕಣ್ಣು. ಮಲ್ಲೇಶ್ವರದ ಹಿರಿಯರೊಬ್ಬರು ಮೀನಖಂಡ ನೋವೆಂದು ಬಂದರು. ಒಂದೇ ಕಾಲು ಊದಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಎಣ್ಣೆ ಬಟ್ಟಲನ್ನು ಕೆಳಗಿಟ್ಟು ಆಟೊ ಹತ್ತಿಸಿ ಆಸ್ಪತ್ರೆಗೆ ಕಳುಹಿಸಿದೆ. ರಕ್ತ ಹೆಪ್ಪುಗಟ್ಟಿತ್ತು. ಅಂದು ಒತ್ತಿ ತಿಕ್ಕಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದಿತ್ತು. ಕೀಮೊ ಆಗಿ ಪ್ಲೇಟ್‌ಲೆಟ್ ಇಳಿದವರು, ಮೂಳೆಗೆ ಕ್ಯಾನ್ಸರ್ ಹರಡಿದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಹೀಗೆ ಒತ್ತಿ ತಿಕ್ಕಿದರೆ ಅಪಾಯವಾಗುವವರು ನಿಮ್ಮ ಮುಂದೆ ಬಂದೇ ಬರುತ್ತಾರೆ. ಐಸಿಯುವಿನ ಹತ್ತು ವರ್ಷ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಯಾವುದೇ ತರಬೇತಿಗೆ ಹಣ ಕಟ್ಟುವ ಮೊದಲು ಬೋಧಕರನ್ನು ‘ಯಾರಿಗೆ ಇದನ್ನು ಮಾಡಬಾರದು?’ ಎಂದು ಕೇಳಿ. ಎಲ್ಲರಿಗೂ ಮಾಡಬಹುದು ಎಂದರೆ ಅಲ್ಲಿಂದ ಎದ್ದು ಬನ್ನಿ.

ಒಮ್ಮೆ ಕರುಣಾಶ್ರಯಕ್ಕೂ ಹೋಗಿ ಬನ್ನಿ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ನೀವು ಹಂಬಲಿಸುತ್ತಿರುವ ಕೆಲಸ ಎಂಥದೆಂದು ಅಲ್ಲಿನ ಮಂಚಗಳ ನಡುವೆ ತಿಳಿಯುತ್ತದೆ.

ಕೊನೆಗೆ ನಿಮ್ಮ ಸೊಂಟ. ನೇರ ನಿಂತು ಕೈ ಇಳಿಬಿಟ್ಟಾಗ ಮುಷ್ಟಿ ತಾಗುವಷ್ಟು ಎತ್ತರದ ಮೇಜು ಮಾಡಿಸಿಕೊಳ್ಳಿ. ಮೊದಲ ವರ್ಷ ದಿನಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳಬೇಡಿ.