ನಾಲ್ಕೋ, ಹದಿನೈದೋ?

ಪ್ರಶ್ನೆ: ಮೂರು ಆಂದೋಲಕಗಳಿಗೆ (ಕಂಪಿಸುವ ಘಟಕಗಳಿಗೆ) ನಾಲ್ಕು ಶಕ್ತಿ ಕ್ವಾಂಟಮ್‌ಗಳನ್ನು (ಒಡೆಯಲಾಗದ ಸಮಾನ ಶಕ್ತಿ ತುಣುಕುಗಳನ್ನು) ಹಂಚಿದರೆ 15 ಸೂಕ್ಷ್ಮಸ್ಥಿತಿಗಳಾಗುತ್ತವೆ ಎಂದು ಪಠ್ಯದಲ್ಲಿದೆ. ಎಷ್ಟು ಸಲ ಎಣಿಸಿದರೂ ನನಗೆ ನಾಲ್ಕೇ ಬರುತ್ತಿವೆ. ತಪ್ಪೆಲ್ಲಿ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಸೂತ್ರವನ್ನು ನಂಬುವ ಮೊದಲು ಕೈಯಾರೆ ಎಣಿಸಿದ್ದೀರಿ, ಅದು ನನಗೆ ಬಹಳ ಹಿಡಿಸಿತು. ನೀವು ಬರೆದಿರುವುದು 4+0+0, 3+1+0, 2+2+0, 2+1+1 ಎಂಬ ನಾಲ್ಕು ಬಗೆಯ ಹಂಚಿಕೆಗಳನ್ನು. ಯಾವ ಆಂದೋಲಕಕ್ಕೆ ಎಷ್ಟು ಎಂಬುದನ್ನು ಬಿಟ್ಟಿದ್ದೀರಿ; ಅದನ್ನೂ ಹೇಳುವ ಒಂದೊಂದು ಹಂಚಿಕೆಯೇ ಒಂದೊಂದು ಸೂಕ್ಷ್ಮಸ್ಥಿತಿ. ಐನ್‌ಸ್ಟೈನ್ 1907ರಲ್ಲಿ ಮಂಡಿಸಿದ ಘನವಸ್ತುವಿನ ಮಾದರಿಯಲ್ಲಿ ಪ್ರತಿಯೊಂದು ಪರಮಾಣುವೂ ತನ್ನ ಸ್ಥಾನದಲ್ಲಿ ನೆಲೆನಿಂತು ಕಂಪಿಸುವುದರಿಂದ ಆಂದೋಲಕಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು, ಆದರೆ ಕ್ವಾಂಟಮ್‌ಗಳನ್ನು ಹಾಗೆ ಗುರುತಿಸಲಾಗದು. ಆದ್ದರಿಂದ ನಿಮ್ಮ ನಾಲ್ಕು ಬಗೆಗಳು ಕ್ರಮವಾಗಿ 3, 6, 3, 3 ಸೂಕ್ಷ್ಮಸ್ಥಿತಿಗಳಾಗಿ ಒಡೆಯುತ್ತವೆ.

ತಟ್ಟೆಯಲ್ಲಿ ನಾಲ್ಕು ಶೇಂಗಾ ಬೀಜಗಳನ್ನೂ ಎರಡು ಬೆಂಕಿಕಡ್ಡಿಗಳನ್ನೂ ಒಂದೇ ಸಾಲಿನಲ್ಲಿಡಿ. ಕಡ್ಡಿಗಳು ಸಾಲನ್ನು ಮೂರು ಪಾಲು ಮಾಡುತ್ತವೆ: ಬೀಜಗಳೇ ಕ್ವಾಂಟಮ್‌ಗಳು, ಪಾಲುಗಳೇ ಆಂದೋಲಕಗಳು. ಎರಡು ಕಡ್ಡಿಗಳು ಒತ್ತಿಕೊಂಡಿದ್ದರೆ ನಡುವಿನ ಪಾಲು ಸೊನ್ನೆ. ಆರು ಸ್ಥಾನಗಳಲ್ಲಿ ಕಡ್ಡಿಗಳಿಗೆ ಎರಡನ್ನು ಆರಿಸುವ ಬಗೆಗಳು 6×5÷2, ಅಂದರೆ 15. ಸೂತ್ರದಲ್ಲಿರುವುದು ಇಷ್ಟೇ.

ಈಗ ಮೊದಲನೆಯ ಆಂದೋಲಕವೊಂದನ್ನೇ ನೋಡಿ. ಅದರಲ್ಲಿ 0, 1, 2, 3, 4 ಕ್ವಾಂಟಮ್‌ಗಳಿರುವ ಸ್ಥಿತಿಗಳು ಕ್ರಮವಾಗಿ 5, 4, 3, 2, 1. ಹೊರಗಿನಿಂದ ಬೇರ್ಪಟ್ಟ ವ್ಯವಸ್ಥೆಯಲ್ಲಿ ಹದಿನೈದೂ ಸಮಸಂಭವವೆಂಬುದು ಸಾಂಖ್ಯಿಕ ಭೌತಶಾಸ್ತ್ರದ ಮೂಲ ಗೃಹೀತವಾದ್ದರಿಂದ, ಒಂದೇ ಆಂದೋಲಕದಲ್ಲಿ ಹೆಚ್ಚು ಶಕ್ತಿ ಸೇರುವ ಸಂಭವ ಹಂತಹಂತವಾಗಿ ಇಳಿಯುತ್ತದೆ. ಆಂದೋಲಕಗಳು ಅಸಂಖ್ಯವಾದಾಗ ಇದೇ ಇಳಿಕೆ ಬೋಲ್ಟ್ಸ್‌ಮನ್ ವಿತರಣೆಯ, ಅಂದರೆ ಶಕ್ತಿ ಒಂದೊಂದು ಹಂತ ಏರಿದಾಗಲೂ ಸಂಭವ ಒಂದೇ ಅನುಪಾತದಲ್ಲಿ ಇಳಿಯುವ ಹಂಚಿಕೆಯ, ರೂಪ ತಾಳುತ್ತದೆ.