ಗುಡುಗಿನ ಮೋಡ ವಿಮಾನಕ್ಕಿಂತಲೂ ಮೇಲೆ ಹೋಗುತ್ತದೆಯೇ?

ಖಂಡಿತ ಹೋಗುತ್ತದೆ. ಏಪ್ರಿಲ್ ಕೊನೆಯಲ್ಲಿ ನಮ್ಮ ಬದಿಯಡ್ಕದ ಕಡೆ ಅಂಗಳದ ಅಡಕೆ ಒಳಗೆ ಹಾಕಲು ಓಡುವ ಹೊತ್ತಿಗೆ, ಘಟ್ಟದ ಮೇಲೆ ಹೂಕೋಸಿನಂತೆ ಉಬ್ಬುವ ಮೋಡ ಕಾಣುತ್ತದೆ ಅಲ್ವಾ? ವಿಮಾನ ಹಾರುವುದು 10–12 ಕಿ.ಮೀ. ಎತ್ತರದಲ್ಲಿ. ಇಂಥ ಮೋಡ ಬಲವಾಗಿ ಬೆಳೆದರೆ 16 ಕಿ.ಮೀ. ಮುಟ್ಟಬಲ್ಲದು.

ಬಿಸಿಲಿಗೆ ಕಾದ ನೆಲದಿಂದ ಒದ್ದೆ ಗಾಳಿ ಏಳುತ್ತದೆ. ಮೇಲೆ ತಣ್ಣಗಾಗಿ ಆವಿ ಹನಿಯಾಗುತ್ತದೆ. ಆಗ ಆವಿಯಲ್ಲಿ ಅಡಗಿದ್ದ ಶಾಖ ಹೊರಬರುತ್ತದೆ, ಒಂದು ಕಿಲೋ ಆವಿಗೆ ಸುಮಾರು 25 ಲಕ್ಷ ಜೂಲ್! ಮೋಡವನ್ನು ಮೇಲಕ್ಕೆ ತಳ್ಳುವುದು ಮುಖ್ಯವಾಗಿ ಇದೇ. ಹನಿ ಮಂಜುಗಡ್ಡೆಯಾದಾಗ ಇನ್ನಷ್ಟು ಶಾಖ. ಆದರೆ ಹೆಚ್ಚಿನ ಮೋಡಗಳು ಸುತ್ತಲಿನ ಒಣ ಗಾಳಿ ಬೆರೆತು ಅರ್ಧದಲ್ಲೇ ಸೋಲುತ್ತವೆ. ಅಗಲವಾದ ಕಂಬದಂತೆ ಏಳುವ ಗಾಳಿ ಮಾತ್ರ ಉಳಿಯುತ್ತದೆ.

ಉಷ್ಣವಲಯದಲ್ಲಿ 16–17 ಕಿ.ಮೀ.ಯಿಂದ ಮೇಲೆ ವಾಯುಮಂಡಲದ ಮುಂದಿನ ಪದರ, ಸ್ಟ್ರಾಟೋಸ್ಫಿಯರ್. ಓಝೋನ್ ಬಿಸಿಲು ಹೀರುವುದರಿಂದ ಅಲ್ಲಿ ಮೇಲೆ ಹೋದಂತೆ ಬಿಸಿ ಜಾಸ್ತಿ. ಮೋಡದ ಗಾಳಿ ಸುತ್ತಲಿನದಕ್ಕಿಂತ ಭಾರವಾಗಿ, ಅಡ್ಡಕ್ಕೆ ಹರಡುತ್ತದೆ. ವೇಗ ತುಂಬಾ ಇದ್ದರೆ ಮಾತ್ರ ಗುಮ್ಮಟದಂತೆ ಗಡಿ ದಾಟಿ, ಕೆಲವೇ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ. ಆದರೆ ಒಂದಿಷ್ಟು ಮಂಜಿನ ಹರಳನ್ನು ಅಲ್ಲೇ ಬಿಟ್ಟು ಬರುತ್ತದೆ. ಆಸ್ಟ್ರೇಲಿಯಾದ ಟಿವಿ (Tiwi) ದ್ವೀಪಗಳ ಮೇಲೆ ಏಳುವ 'ಹೆಕ್ಟರ್' ಎಂಬ ಮೋಡ ಸುಮಾರು 20 ಕಿ.ಮೀ.ವರೆಗೂ ಹೋಗುತ್ತದೆ.